ಎರಡು ಹಂತದ ರಾಕೆಟ್: ಮಜಾ ಇರೋದು ಮಧ್ಯದಲ್ಲಿ

ನಮಸ್ಕಾರ. ಇವತ್ತು ನಾವಿರುವುದು ಟೆಕ್ಸಾಸ್‌ನ ಒಂದು ಹುಲ್ಲುಗಾವಲಿನಲ್ಲಿ. ನಮ್ಮ ರಾಕೆಟ್ ಕ್ಲಬ್ಬಿಗೆ ಈ ಜಾಗ ಬಿಟ್ಟುಕೊಟ್ಟಿರುವವರು ಒಬ್ಬ ರೈತರು. ಆ ಕಡೆ ಮೇಯುತ್ತಿರುವ ಹಸುಗಳಿಗೆ ನಮ್ಮ ಗಲಾಟೆ ರೂಢಿಯಾಗಿಬಿಟ್ಟಿದೆ, ತಲೆ ಕೂಡ ಎತ್ತುವುದಿಲ್ಲ.

ಟೇಬಲ್ ಮೇಲಿರುವ ಇದನ್ನು ನೋಡಿ. ರಟ್ಟಿನ ಕೊಳವೆ, ಬಾಲ್ಸಾ ಮರದ ಪುಟ್ಟ ರೆಕ್ಕೆಗಳು ಅಂದರೆ ಫಿನ್‌ಗಳು, ತುದಿಗೊಂದು ಪ್ಲಾಸ್ಟಿಕ್ ಮೂತಿ. ನೋಡೋಕೆ ಒಂದೇ ರಾಕೆಟ್, ಆದರೆ ಇಲ್ಲಿ ಹಿಡಿದು ಎಳೆದರೆ ಎರಡಾಗುತ್ತದೆ. ಕೆಳಗಿನ ತುಂಡು ಬೂಸ್ಟರ್, ಮೇಲಿನದು ಸಸ್ಟೇನರ್. ಬೂಸ್ಟರ್ ತನ್ನ ಮದ್ದು ಮುಗಿದ ತಕ್ಷಣ ಕಳಚಿ ಬೀಳಬೇಕು, ಅದೇ ಕ್ಷಣಕ್ಕೆ ಮೇಲಿನದಕ್ಕೆ ಬೆಂಕಿ ಹತ್ತಬೇಕು. ಪಿಎಸ್‌ಎಲ್‌ವಿಗೆ ನಾಲ್ಕು ಹಂತ, ನಮಗೆ ಎರಡೇ. ಉಪಗ್ರಹ ಒಂದಿಲ್ಲ, ಅಷ್ಟೇ.

ಊರಿಂದ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು, ಎಷ್ಟು ಎತ್ತರ ಹೋಗುತ್ತೆ ಅಂತ. ನಿಜ ಹೇಳಬೇಕೆಂದರೆ, ಬರೀ ಎತ್ತರ ಬೇಕಿದ್ದರೆ ಈ ತಲೆನೋವೇ ಬೇಡ. ಒಂದೇ ಹಂತದ ರಾಕೆಟ್ಟಿಗೆ ಇನ್ನೊಂದು ಸೈಜ್ ದೊಡ್ಡ ಮೋಟರ್, ಅಂದರೆ ಮದ್ದು ತುಂಬಿದ ಕೊಳವೆ, ಹಾಕಿದರೆ ಆರಾಮಾಗಿ ಹೋಗುತ್ತದೆ. ಎರಡು ಹಂತ ಕಟ್ಟುವುದು ಆ ಮಧ್ಯದ ಕ್ಷಣಕ್ಕಾಗಿ. ಮೇಲೇರುತ್ತಾ ಇರುವಾಗ ಸದ್ದು ಒಮ್ಮೆ ತಡವರಿಸಿದ ಹಾಗಾಗಿ, ಮತ್ತೆ ಜೋರಾಗಿ ಹಿಡಿದುಕೊಳ್ಳುತ್ತದಲ್ಲ, ಅದನ್ನು ಕೇಳೋಕೆ.

ಈ ಹುಚ್ಚು ಹೊಸದೇನಲ್ಲ. 1949ರ ಫೆಬ್ರವರಿಯಲ್ಲಿ ಪಕ್ಕದ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ, ಜರ್ಮನಿಯಿಂದ ತಂದಿದ್ದ ವಿ-2 ರಾಕೆಟ್ಟಿನ ನೆತ್ತಿಯ ಮೇಲೆ ವ್ಯಾಕ್ ಕಾರ್ಪೊರಲ್ ಅನ್ನೋ ಸಣ್ಣ ರಾಕೆಟ್ ಕೂರಿಸಿ ಹಾರಿಸಿದ್ದರು. ಆ ಜೋಡಿಯ ಹೆಸರು ಬಂಪರ್. ಮೇಲಿನದು ಸುಮಾರು 390 ಕಿಲೋಮೀಟರ್ ಎತ್ತರ ಮುಟ್ಟಿತು. ನಮ್ಮದು ಮೀಟರ್ ಲೆಕ್ಕದ್ದು ಬಿಡಿ.

ಈಗ ಮೋಟರ್. ಇದನ್ನು ಮನೆಯಲ್ಲಿ ತಯಾರಿಸಬಾರದು. ಪಟಾಕಿ ಬಿಚ್ಚಿ ಮದ್ದು ತುಂಬುವ ಐಡಿಯಾ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಇಲ್ಲೇ ಬಿಟ್ಟುಬಿಡಿ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದ ಪ್ರಕಾರ ಸರ್ಟಿಫೈ ಆದ, ಅಂಗಡಿಯಲ್ಲಿ ಸಿಗುವ ಮೋಟರ್ ಮಾತ್ರ ಬಳಸಬೇಕು. ನನ್ನ ಕೈಲಿರುವುದು ಎಸ್ಟೆಸ್ ಕಂಪನಿಯದು. ಕೆಳಗೆ ಹಾಕುವುದು ಸಿ6-0, ಮೇಲೆ ಎ8-5. ಅಕ್ಷರ ಒಂದೊಂದು ಮುಂದೆ ಹೋದ ಹಾಗೆ ಒಟ್ಟು ಶಕ್ತಿಯ ಮಿತಿ ಎರಡರಷ್ಟಾಗುತ್ತದೆ. ಮಧ್ಯದ ಅಂಕಿ ಸರಾಸರಿ ಎಷ್ಟು ನ್ಯೂಟನ್ ತಳ್ಳುತ್ತದೆ ಅಂತ. ಕೊನೆಯದು, ಮದ್ದು ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡ್ ಬಿಟ್ಟು ಪ್ಯಾರಾಚೂಟನ್ನು ಹೊರಗೆ ತಳ್ಳುವ ಚಾರ್ಜ್ ಸಿಡಿಯುತ್ತದೆ ಅಂತ. ಬೂಸ್ಟರ್‌ಗೆ ಅದು ಸೊನ್ನೆ. ಕಾಯುವುದೂ ಇಲ್ಲ, ಚಾರ್ಜೂ ಇಲ್ಲ.

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಎ8-5ರ ಮೇಲ್ತುದಿಯಲ್ಲಿ ಜೇಡಿಮಣ್ಣಿನ ಬಿರಡೆ ಕಾಣುತ್ತಿದೆ ಅಲ್ವಾ? ಸಿ6-0ರಲ್ಲಿ ಅದಿಲ್ಲ. ನೇರವಾಗಿ ಕಪ್ಪು ಮದ್ದೇ ಕಾಣುತ್ತದೆ. ಗುಟ್ಟಿರುವುದು ಇಲ್ಲೇ. ಬೆಂಕಿ ಕೆಳಗಿನಿಂದ ಮೇಲಕ್ಕೆ ಉರಿಯುತ್ತಾ ಬಂದು, ಕೊನೆಗೆ ಉಳಿದ ತೆಳು ಪದರ ಒಡೆದು, ಬಿಸಿ ಅನಿಲ ಮತ್ತು ಉರಿಯುವ ಕಿಡಿಗಳೆಲ್ಲ ಮೇಲಿನ ಮೋಟರ್‌ನ ಸಣ್ಣ ತೂತಿನೊಳಗೆ ನುಗ್ಗಿ ಅದನ್ನೂ ಹೊತ್ತಿಸುತ್ತವೆ. ವೈರಿಲ್ಲ, ಬ್ಯಾಟರಿ ಇಲ್ಲ.

ಎರಡೂ ಮೋಟರ್‌ಗಳನ್ನು ಹೀಗೆ ತುದಿಗೆ ತುದಿ ತಾಗಿಸಿ, ಸಂದಿಗೆ ಒಂದೇ ಸುತ್ತು ಸೆಲೋಟೇಪ್. ಈ ಪುಟ್ಟ ರಾಕೆಟ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಟೇಪೇ. ಇದಿಲ್ಲದಿದ್ದರೆ ಒಳಗೆ ತುಂಬುವ ಒತ್ತಡ, ಬೆಂಕಿ ದಾಟುವ ಮೊದಲೇ ಎರಡನ್ನೂ ದೂರ ತಳ್ಳಿಬಿಡಬಹುದು. ಬೆಂಕಿ ದಾಟಿದ ಮೇಲೆ ಅದೇ ಸುಟ್ಟುಹೋಗಿ ದಾರಿ ಬಿಡುತ್ತದೆ. ಈ ಉಪಾಯ ಕಪ್ಪು ಮದ್ದಿನ ಮೋಟರ್‌ಗಳಿಗೆ ಮಾತ್ರ. ದೊಡ್ಡ ರಾಕೆಟ್‌ಗಳ ಕಾಂಪೋಸಿಟ್ ಮೋಟರ್, ಅಂದರೆ ಬೇರೆ ಥರದ ಇಂಧನ ತುಂಬಿದ್ದು, ಇಂಥ ಕಿಡಿಗೆ ಜಗ್ಗುವುದಿಲ್ಲ, ಅದಕ್ಕೆ ಎಲೆಕ್ಟ್ರಾನಿಕ್ಸ್ ಬೇಕು.

ಬೂಸ್ಟರ್ ಫಿನ್ ಯಾಕೆ ಇಷ್ಟು ದೊಡ್ಡದು ಅಂತ ಅನ್ನಿಸಿರಬಹುದು. ಎರಡು ಮೋಟರ್‌ಗಳ ಭಾರ ಬಾಲದ ಕಡೆ ಸೇರಿ ರಾಕೆಟ್ ಹಿಂಭಾರವಾಗುತ್ತದೆ. ತೂಕದ ಕೇಂದ್ರ, ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕು. ಇಲ್ಲದಿದ್ದರೆ ಅದು ಎಲ್ಲಿಗೆ ತಿರುಗುತ್ತದೋ ಹೇಳೋಕಾಗಲ್ಲ. ದೊಡ್ಡ ಫಿನ್ ಆ ಒತ್ತಡದ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಓಪನ್‌ರಾಕೆಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಈ ಲೆಕ್ಕವನ್ನು ಎರಡು ಸಲ ಮಾಡಿ. ಜೋಡಿಗೆ ಒಮ್ಮೆ, ಸಸ್ಟೇನರ್ ಒಂದಕ್ಕೇ ಇನ್ನೊಮ್ಮೆ.

ಈಗ ಸೇಫ್ಟಿ ಆಫೀಸರ್ ಹತ್ತಿರ ಬಂದಿದ್ದೇವೆ. ಫಿನ್ ಹಿಡಿದು ಅಲ್ಲಾಡಿಸುತ್ತಿದ್ದಾರೆ ನೋಡಿ, ಅಂಟು ಗಟ್ಟಿ ಇದೆಯಾ ಅಂತ. ಆಮೇಲೆ ಗಾಳಿ ಕಡೆ ಮುಖ ಮಾಡಿ ಸುಮ್ನೆ ನಿಂತರು. ಗಂಟೆಗೆ 20 ಮೈಲಿ ದಾಟಿದರೆ ಹಾರಿಸುವ ಹಾಗಿಲ್ಲ, ಆದರೆ ಎರಡು ಹಂತದ್ದಕ್ಕೆ ಅದರ ಅರ್ಧ ಗಾಳಿಯೂ ನನಗೆ ಜಾಸ್ತಿಯೇ. ರಾಕೆಟ್ ಗಾಳಿ ಬರುವ ಕಡೆಗೇ ವಾಲುತ್ತದೆ. ವಾಲಿದಾಗಲೇ ಎರಡನೆಯದು ಹೊತ್ತಿದರೆ ಎತ್ತರಕ್ಕೆ ಹೋಗುವ ಬದಲು ಪಕ್ಕದ ಊರಿನ ಕಡೆ ಹೊರಡುತ್ತದೆ. ಇವತ್ತು ಹುಲ್ಲು ಅಲ್ಲಾಡುತ್ತಿಲ್ಲ, ಒಪ್ಪಿಗೆ ಸಿಕ್ಕಿತು.

ಇಗ್ನೈಟರ್, ಅಂದರೆ ಬೆಂಕಿ ಹೊತ್ತಿಸುವ ತಂತಿ, ಕೆಳಗಿನ ಮೋಟರ್‌ಗೆ ಮಾತ್ರ. ಕೀ ಹಾಕಿ, ಹದಿನೈದು ಅಡಿಗಿಂತ ಚೆನ್ನಾಗಿ ಹಿಂದೆ ಸರಿದು, ಐದರಿಂದ ಎಣಿಕೆ.

ಹೋಯ್ತು! ಎರಡು ಸೆಕೆಂಡೂ ಆಗಿಲ್ಲ, ಕೇಳಿ, ಅಲ್ಲಿ! ಅದೇ ಸದ್ದು. ಸ್ಲೋ ಮೋಷನ್‌ನಲ್ಲಿ ಮತ್ತೆ ತೋರಿಸುತ್ತೇನೆ. ಹೊಗೆಯ ಗೆರೆಯಲ್ಲಿ ಒಂದು ಗಂಟು ಬಿದ್ದ ಹಾಗಿದೆಯಲ್ಲ, ಎರಡೂ ಹಂತ ಬೇರೆಯಾಗಿದ್ದು ಅಲ್ಲೇ. ಕೆಳಗೆ ಪಲ್ಟಿ ಹೊಡೆಯುತ್ತಾ ಬರುತ್ತಿರುವುದು ಬೂಸ್ಟರ್. ಅದಕ್ಕೆ ಪ್ಯಾರಾಚೂಟ್ ಇಲ್ಲ, ಹಗುರ ಇರುವುದರಿಂದ ಪಲ್ಟಿ ಹೊಡೆದೇ ನಿಧಾನವಾಗುತ್ತದೆ. ಮೇಲಿನದಕ್ಕೂ ನಾನು ಹಾಕಿರುವುದು ಪ್ಯಾರಾಚೂಟ್ ಅಲ್ಲ, ಉದ್ದನೆಯ ಕಿತ್ತಳೆ ಪಟ್ಟಿ. ಪ್ಯಾರಾಚೂಟ್ ಆದರೆ ಗಾಳಿಗೆ ತೇಲಿಕೊಂಡು ಎಲ್ಲೋ ಹೋಗಿ ಕೂರುತ್ತೆ, ಬಿಸಿಲಲ್ಲಿ ನಡೆಯುವವರು ನಾವು ತಾನೇ?

ಮುಂದಿನ ಸಲ ಮೇಲೆ ಸಿ6-7 ಹಾಕುವ ಯೋಚನೆ ಇದೆ. ಅದು ಇದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ, ಬರಿಗಣ್ಣಿಗೆ ಹಿಡಿಯುವುದು ಕಷ್ಟ. ಈ ಕಡೆ ಇರುವ ಕನ್ನಡದವರಲ್ಲಿ ಕಣ್ಣು ಚುರುಕಾಗಿರುವವರು ಯಾರಾದರೂ ಇದ್ದರೆ ಬಂದುಬಿಡಿ. ಟೋಪಿ, ನೀರು ತನ್ನಿ. ಚಿತ್ರಾನ್ನ ನಾನು ತರುತ್ತೇನೆ.