ಅಕ್ರಾದ ನ್ಯಾಷನಲ್ ಥಿಯೇಟರ್‌ನಲ್ಲಿ ಒಂದು ಸಂಜೆ, ಮತ್ತೆ ನನ್ನ ಎಡಗೈ

ನಮಸ್ಕಾರ, ಬನ್ನಿ ಬನ್ನಿ. ಹಿಂದುಗಡೆ ಕಾಣ್ತಿದೆಯಲ್ಲ, ರೋಡ್ ಪಕ್ಕ ಬಿಳೀ ಹಡಗು ಲಂಗರು ಹಾಕ್ಕೊಂಡು ನಿಂತ ಹಾಗೆ, ಅದೇ ಘಾನಾದ ನ್ಯಾಷನಲ್ ಥಿಯೇಟರ್. ಹೋದ ವಿಡಿಯೋದಲ್ಲಿ ಟ್ಯಾಕ್ಸಿ ಕಿಟಕಿಯಿಂದ ಒಂದೇ ಸೆಕೆಂಡ್ ಬಂದಿತ್ತು. ಅಷ್ಟಕ್ಕೇ ಸಾಗರದಿಂದ ನಮ್ಮತ್ತೆ ಫೋನ್ ಮಾಡಿ "ಅದೆಂಥದೇ ಅದು, ಹಡಗು ಊರೊಳಗೇ ಬರ್ತದಾ" ಅಂತ ಕೇಳಿದ್ರು. ನಾಟಕಶಾಲೆ ಅತ್ತೆ ಅದು. ಇವತ್ತು ಸಂಜೆ ಅಲ್ಲಿ ಡ್ಯಾನ್ಸ್ ಇದೆ. ಶುರುವಾಗೋಕೆ ಇನ್ನೂ ಒಂದು ಗಂಟೆ, ಅಷ್ಟರಲ್ಲಿ ಹೊರಗಡೆ ಎಲ್ಲ ತೋರಿಸಿಬಿಡ್ತೀನಿ.

ಕಟ್ಟಿಕೊಟ್ಟಿದ್ದು ಚೀನಾದವರು. 1990ರಲ್ಲಿ ಕೆಲಸ ಶುರು, 1992ರ ಡಿಸೆಂಬರ್ 30ಕ್ಕೆ ಉದ್ಘಾಟನೆ. ಚೆಂಗ್ ತೈನಿಂಗ್ ಅನ್ನೋರ ವಿನ್ಯಾಸ, ಒಳಗೆ ಸುಮಾರು 1500 ಜನ ಕೂರಬಹುದು. ಎಲ್ಲರೂ ಚಂದ ಅಂತಾರೆ. ನನಗೆ ಇಷ್ಟ ಇಲ್ಲ, ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಇದೇ ಜಾಗದಲ್ಲಿ ಮೊದಲು ಘಾನಾ ಡ್ರಾಮಾ ಸ್ಟುಡಿಯೋ ಅಂತ ಒಂದು ಪುಟ್ಟ ರಂಗಮಂದಿರ ಇತ್ತು. ಎಫುವಾ ಸದರ್‌ಲ್ಯಾಂಡ್ ಅಂತ, ಟೀಚರ್ ಆಗಿದ್ದು ನಾಟಕ ಬರೆಯೋಕೆ ಶುರು ಮಾಡಿದ ಹೆಂಗಸು, ಬೆನ್ನುಬಿದ್ದು ಕಟ್ಟಿಸಿದ್ದು. 1961ರಲ್ಲಿ ಆಗಿನ ಅಧ್ಯಕ್ಷ ಎನ್‌ಕ್ರುಮಾ ಅವರೇ ಬಂದು ಉದ್ಘಾಟನೆ ಮಾಡಿದ್ರು. ಮಧ್ಯ ತೆರೆದ ಅಂಗಳ ಇತ್ತಂತೆ, ಹಳ್ಳೀಲಿ ಜನ ಸುತ್ತ ಕೂತು ಅನಾನ್ಸೆ ಜೇಡನ ಕತೆ ಕೇಳೋ ಹಾಗೆ. ಆ ಕತೆ ಹೇಳೋ ಕ್ರಮದಲ್ಲಿ ಕೇಳೋರೂ ಸುಮ್ನೆ ಕೂರಲ್ಲ, ನಡುವೆ ಎದ್ದು ಹಾಡು ಎತ್ಕೋಬಹುದು. ಅದನ್ನೇ ಹಿಡ್ಕೊಂಡು ಆಕೆ ಹೊಸ ಥರದ ನಾಟಕ ಕಟ್ಟಿ ಅನಾನ್ಸೆಗೊರೊ ಅಂತ ಹೆಸರಿಟ್ರು. ಈ ದೊಡ್ಡದು ಏಳಬೇಕು ಅಂತ ಆ ಚಿಕ್ಕದನ್ನ ಕೆಡವಿದ್ರು. ಅದರ ಹಾಗೇ ಇನ್ನೊಂದನ್ನ ಲೆಗಾನ್ ಯೂನಿವರ್ಸಿಟೀಲಿ ಕಟ್ಟಿದಾರೆ, ಒಪ್ಪಿದೆ. ಆದ್ರೂ ನಾಟಕಕ್ಕೆ ಅಂತಲೇ ಒಬ್ಬ ಹೆಂಗಸು ಕಟ್ಟಿದ ಅಂಗಳ ಅದು. ನನಗೆ ಈ ಗೋಡೆ ನೋಡಿದಾಗೆಲ್ಲ ಅದೇ ನೆನಪಾಗ್ತದೆ.

ಹಸಿವು. ಅಗೋ, ಗೇಟಿನಾಚೆ ಕೆಂಡದ ಮೇಲೆ ಬಾಳೆಕಾಯಿ ಸುಡ್ತಿದಾರೆ. ಇದಕ್ಕೆ ಇಲ್ಲಿ ಕೋಫಿ ಬ್ರೋಕ್‌ಮನ್ ಅಂತಾರೆ, ಜೇಬು ಖಾಲಿ ಇರೋ ಕೋಫಿ. ಅಷ್ಟು ಅಗ್ಗ ಅಂತ. ಜೊತೆಗೆ ಹುರಿದ ಶೇಂಗಾ. ಎರಡನ್ನೂ ಒಟ್ಟಿಗೇ ಬಾಯಿಗೆ ಹಾಕ್ಕೋಬೇಕು, ಬೇರೆ ಬೇರೆ ತಿಂದ್ರೆ ಮಜಾ ಇಲ್ಲ.

ಇಲ್ಲಿ ಕ್ಯಾಮೆರಾ ಇದ್ದಕ್ಕಿದ್ದ ಹಾಗೆ ನೆಲ ನೋಡ್ತಿದೆ. ಎಡಿಟ್ ಮಾಡ್ತಾ ತೆಗೆದುಹಾಕೋಣ ಅಂದ್ಕೊಂಡೆ, ಮನಸ್ಸು ಬರ್ಲಿಲ್ಲ. ಏನಾಯ್ತು ಹೇಳ್ತೀನಿ. ಬಲಗೈಯಲ್ಲಿ ಕ್ಯಾಮೆರಾ ಇತ್ತಲ್ಲ, ಹತ್ತು ಸೆಡಿ ನೋಟನ್ನ ಎಡಗೈಯಲ್ಲಿ ಚಾಚಿದೆ. ಆ ಅಮ್ಮ ನೋಟು ನೋಡಿದ್ರು, ನನ್ನ ಮುಖ ನೋಡಿದ್ರು, ಕಟ್ಟಿದ ಪೊಟ್ಟಣ ವಾಪಸ್ ಇಟ್ಟು ಬೆಂಕಿಗೆ ಗಾಳಿ ಬೀಸೋಕೆ ಶುರು ಮಾಡಿದ್ರು. ಒಂದು ಮಾತಿಲ್ಲ. ನಾನು ಚಿಲ್ಲರೆ ಇಲ್ವೇನೋ ಅಂದ್ಕೊಂಡು ಇನ್ನೊಂದು ನೋಟು ತೆಗೆದೆ, ಅದನ್ನೂ ಎಡಗೈಯಲ್ಲೇ ಕೊಟ್ಟೆ! ಪಕ್ಕದಲ್ಲಿ ನಿಂತಿದ್ದ ಕಾಲೇಜ್ ಹುಡುಗ ಮೆಲ್ಲಗೆ "ಮೇಡಂ, ಲೆಫ್ಟ್" ಅಂದ. ಆಗ ಎದೆ ಧಸಕ್ ಅಂತು.

ಘಾನಾದಲ್ಲಿ ಎಡಗೈಯಲ್ಲಿ ಕೊಡೋದು, ತಗೊಳ್ಳೋದು, ಯಾರಿಗಾದ್ರೂ ಕೈ ಬೀಸೋದು, ದಾರಿ ತೋರಿಸೋದು, ಎಲ್ಲ ಎದುರಿನವರಿಗೆ ಅವಮಾನ. ಬಲಗೈಗೆ ಬಿಡುವಿಲ್ಲ ಅಂದ್ರೆ "ಸಾರಿ ಫಾರ್ ಲೆಫ್ಟ್" ಅಂತ ಮೊದಲು ಹೇಳಿ ಆಮೇಲೆ ಕೊಡ್ತಾರೆ. ಮೂರು ವರ್ಷದಿಂದ ಇಲ್ಲಿದೀನಿ, ದಿನಾ ಈ ಮಾತು ಕಿವಿ ಮೇಲೆ ಬೀಳ್ತದೆ. ಗೊತ್ತಿಲ್ಲ ಅನ್ನೋ ಹಾಗಿಲ್ಲ. ಅದೂ ಇರಲಿ, ನಮ್ಮನೇಲಿ ಬೆಳೆದಿದ್ದೇ ಹಾಗೆ. ಅಂಗಡಿಯವರಿಗೆ ದುಡ್ಡು ಎಡಗೈಯಲ್ಲಿ ಕೊಟ್ರೆ ಅಜ್ಜಿ ಕೈ ಮೇಲೆ ಬಾರಿಸೋರು, "ಕೊಡೋ ಕೈ ಯಾವುದು, ತೊಳೆಯೋ ಕೈ ಯಾವುದು ಗೊತ್ತಾಗೋದಿಲ್ವಾ" ಅಂತ. ಕ್ಯಾಮೆರಾ ಹಿಡಿಯೋಕೆ ಶುರು ಮಾಡಿದ ಮೇಲೆ ಬಲಗೈ ಪೂರ್ತಿ ಅದರ ಪಾಲಾಗಿದೆ. ಇನ್ನು ಎಷ್ಟು ಜನಕ್ಕೆ ಹೀಗೆ ಮಾಡಿದೀನೋ, ಅವರು ಸುಮ್ನೆ ನುಂಗ್ಕೊಂಡಿದಾರೋ. ಅದು ನನ್ನ ಕೊರೀತಾ ಇದೆ.

ಕ್ಯಾಮೆರಾ ಬ್ಯಾಗಿಗೆ ಹಾಕಿ, ಎರಡೂ ಕೈ ಖಾಲಿ ಮಾಡ್ಕೊಂಡು "ಮೆಪಾಚೆವ್ ಮಾ" ಅಂದೆ. ದಯವಿಟ್ಟು, ತಪ್ಪಾಯ್ತು ಅನ್ನೋ ಹಾಗೆ. ಆಮೇಲೆ ಬಲಗೈಯಲ್ಲಿ ನೋಟು ಕೊಟ್ಟೆ. ತಗೊಂಡ್ರು. ಬಾಳೆಕಾಯಿ ಜೊತೆ ಒಂದು ಹಿಡಿ ಶೇಂಗಾ ಜಾಸ್ತೀನೇ ಹಾಕಿದ್ರು, ಆದ್ರೆ ನಗಲಿಲ್ಲ. ನಗಬೇಕು ಅಂತೇನೂ ಇಲ್ಲ.

ಸರಿ, ಒಳಗೆ ಬಂದ್ವಿ, ನಮ್ಮನೆಯವರೂ ಆಫೀಸಿಂದ ನೇರ ಬಂದು ಸೇರ್ಕೊಂಡ್ರು. ಇದು ವೇದಿಕೆ ಪಕ್ಕ. ಈ ಜೋಡಿ ಡ್ರಮ್‌ ನೋಡಿ, ಅತುಂಪಾನ್. ಬಾರಿಸೋ ಕೋಲು ಅಂಕಿ 7ರ ಆಕಾರ, ಕವಲೊಡೆದ ಕೊಂಬೆಯಿಂದಲೇ ಕಡಿದಿದ್ದು. ಹಿಡಿಯೋ ಕಡೆ ಎಷ್ಟು ನುಣುಪಾಗಿದೆ ಅಂದ್ರೆ, ಅಜ್ಜಿ ಮನೆ ಒನಕೆ ನಡು ಸವೆದ ಹಾಗೆ. ಒಂದರದ್ದು ತಗ್ಗಿನ ದನಿ, ಅದು ಗಂಡು. ಇನ್ನೊಂದು ಏರುದನಿ, ಹೆಣ್ಣು. ಇವು ಮಾತಾಡ್ತವೆ, ನಿಜವಾಗಲೂ. ಟ್ವಿ ಭಾಷೇಲಿ ದನಿಯ ಏರಿಳಿತ ಬದಲಾದ್ರೆ ಅರ್ಥಾನೇ ಬದಲಾಗ್ತದೆ, ಹಾಗಾಗಿ ಆ ಏರಿಳಿತವನ್ನ ಎರಡು ಡ್ರಮ್ ಮೇಲೆ ನುಡಿಸಿದ್ರೆ ಗೊತ್ತಿದ್ದೋರಿಗೆ ವಾಕ್ಯ ಕೇಳಿಸ್ತದೆ. ನಮ್ಮಲ್ಲಿ ಮದ್ದಳೆಯ ಪೆಟ್ಟನ್ನ ಬಾಯಲ್ಲಿ ಹೇಳಿ ಕಲಿಸ್ತಾರೆ. ಇಲ್ಲಿ ಬಾಯಿಯ ಮಾತು ಚರ್ಮಕ್ಕೆ ಹೋಗ್ತದೆ. ಘಾನಾ ರೇಡಿಯೋದ ಗುರುತಿನ ದನೀನೂ ಇದೇ, "ಘಾನಾ ಮುಂತಿಯೆ", ಘಾನಾ ಕೇಳು ಅಂತ. ಬೆಳಗ್ಗೆ ಆಕಾಶವಾಣಿ ರಾಗ ಕೇಳಿ ಎದ್ದೋರಿಗೆ ಅದು ಹೇಗಿರ್ತದೆ ಅಂತ ಗೊತ್ತು. ಈ ಡ್ರಮ್ ಕಡೆಯೋ ಮರದ ಹೆಸರು ಟ್ವೆನೆಬೊವಾ. ಹಳೇ ಪದ್ಧತೀಲಿ ನುಡಿಸೋ ಮೊದಲು ಆ ಮರವನ್ನೇ ಹೆಸರು ಹಿಡಿದು ಕರೀತಾರೆ. ಅಯ್ಯೋ, ಬೆಲ್ ಹೊಡೀತು.

ಪೂರ್ತಿ ಶೋ ಹಾಕೋಕಾಗಲ್ಲ, ತುಣುಕು ಮಾತ್ರ. ಈಗ ಕಾಣ್ತಿರೋದು ಅಡೊವಾ, ಅಶಾಂತಿ ಜನರದ್ದು. ಕೈಗಳನ್ನ ನೋಡಿ, ಕಾಲು ಆಮೇಲೆ. ಒಂದೊಂದು ಕೈಗೂ ಅರ್ಥ ಇದೆ, ದುಃಖ ಅಂದ್ರೆ ಒಂದು, ಗೌರವ ಅಂದ್ರೆ ಇನ್ನೊಂದು. ಹೋದ ವರ್ಷ ಕುಮಾಸಿಯಲ್ಲಿ ಒಂದು ಸಾವಿನ ಮನೇಲಿ ಇದನ್ನ ನೋಡಿದ್ದೆ. ಎಲ್ಲರೂ ಕೆಂಪು, ಕಪ್ಪು ಬಟ್ಟೆ. ಒಬ್ರು ವಯಸ್ಸಾದವರು ಎದ್ದು ಕುಣಿದ್ರು, ನೆಂಟರು ಅವರ ತಲೆ ಮೇಲೆ ಎರಡು ಬೆರಳು ಹಿಡಿದು ಮೆಚ್ಚುಗೆ ತೋರಿಸಿದ್ರು. ಮಧ್ಯಾಹ್ನ ಶುರುವಾಗಿದ್ದು ಕತ್ತಲಾದ್ರೂ ನಿಂತಿರಲಿಲ್ಲ. ಇಲ್ಲಿ? ಎಂಟು ನಿಮಿಷ. ನನಗೆ ಸಿಟ್ಟೇ ಬಂತು.

ನಮ್ಮಜ್ಜ ಮೇಳದಲ್ಲಿ ಮದ್ದಳೆ ಬಾರಿಸ್ತಿದ್ರು. ಕಾಲಮಿತಿ ಯಕ್ಷಗಾನ ಬಂದ ಮೇಲೆ ಆಟಕ್ಕೆ ಹೋಗೋದನ್ನೇ ಬಿಟ್ರು. "ಬೆಳಗಾಗದೇ ಮಂಗಳ ಹಾಡೋದು ಎಂಥ ಆಟ" ಅನ್ನೋರು. ನಾನೂ ಇಷ್ಟು ದಿನ ಅದೇ ಪಕ್ಷ.

ಇದು ಬಮಾಯಾ, ಉತ್ತರದ ದಗೋಂಬಾ ಜನರದ್ದು. ಲಂಗ ಉಟ್ಕೊಂಡು ಸೊಂಟ ಕುಲುಕಿಸ್ತಿರೋರೆಲ್ಲ ಗಂಡಸರು. ಒಂದ್ಸಲ ಬರ ಬಂದಾಗ, ಹೆಂಗಸರ ಮೊರೆ ದೇವರಿಗೆ ಬೇಗ ಮುಟ್ಟುತ್ತೆ ಅಂತ ಗಂಡಸರೇ ಹೆಂಗಸರ ವೇಷ ಹಾಕಿ ಬೇಡ್ಕೊಂಡ್ರಂತೆ, ಮಳೆ ಬಂತಂತೆ. ನಮ್ಮ ಕಡೆ ಕಪ್ಪೆ ಮದುವೆ ಮಾಡಲ್ವಾ, ಹಾಗೆ. ಮುಂದೆ ಕುಣೀತಿರೋ ಆ ಎತ್ತರದ ಹುಡುಗನನ್ನ ನೋಡಿ. ಶೋ ಮುಗಿದ ಮೇಲೆ ಮಾತಾಡಿಸಿದೆ, ಅವನು ಎವೆ ಜನದವನು, ವೋಲ್ಟಾ ಕಡೆ. ಅವನ ಊರಲ್ಲಿ ಬಮಾಯಾ ಇಲ್ಲವೇ ಇಲ್ಲ!

1962ರಲ್ಲಿ ಸಂಗೀತ ವಿದ್ವಾಂಸ ಕ್ವಾಬೆನಾ ಎನ್‌ಕೆಟಿಯಾ, ನೃತ್ಯ ಸಂಯೋಜಕ ಮವೆರೆ ಒಪೊಕು ಸೇರ್ಕೊಂಡು ಲೆಗಾನ್‌ನಲ್ಲಿ ಘಾನಾ ಡ್ಯಾನ್ಸ್ ಎನ್ಸೆಂಬಲ್ ಕಟ್ಟಿದಾಗ ಇದನ್ನೇ ಮಾಡಿದ್ದು. ಯಾರ ಕುಣಿತ ಯಾರು ಬೇಕಾದ್ರೂ ಕಲೀಬೇಕು. ಸ್ವಾತಂತ್ರ್ಯ ಬಂದು ಐದೇ ವರ್ಷ ಆಗಿತ್ತು ಆಗ. ಈ ಥಿಯೇಟರ್ ಎದ್ದಾಗ ತಂಡ ಎರಡಾಯ್ತು, ಇಲ್ಲಿಗೆ ಬಂದೋರು ನಿಯಿ ಯಾರ್ಟೆ ಅವರ ಕೈಕೆಳಗೆ ನ್ಯಾಷನಲ್ ಡ್ಯಾನ್ಸ್ ಕಂಪನಿ ಆದ್ರು. ಹಳ್ಳಿಯಲ್ಲಿ ಬಮಾಯಾ ಎಷ್ಟೇ ಹೊತ್ತು ನಡೀಲಿ, ಆ ಎವೆ ಹುಡುಗ ಅದರ ಮುಂದೆ ನಿಂತು ಕುಣಿಯೋಕೆ ಈ ಎಂಟು ನಿಮಿಷವೇ ಬೇಕಿತ್ತು.

ಕೊನೇದು ಪನ್‌ಲೊಗೊ. 1960ರ ದಶಕದ ಶುರುವಲ್ಲಿ ಇದೇ ಅಕ್ರಾದ ಗಾ ಜನಾಂಗದ ಹುಡುಗರು ಕಟ್ಟಿದ ಕುಣಿತ. ಅಸಭ್ಯ ಅಂತ ಆಗ ಹಿರಿಯರು ವಿರೋಧ ಮಾಡಿದ್ರು. ಈಗ ರಾಷ್ಟ್ರೀಯ ವೇದಿಕೆ ಮೇಲೆ ಸಂಪ್ರದಾಯ ಅಂತ ಇದೆ, ನನ್ನ ಮುಂದಿನ ಸಾಲಲ್ಲಿ ಯೂನಿಫಾರ್ಮ್ ಹಾಕಿದ ಇಬ್ಬರು ಹುಡುಗೀರು ಸೀಟಿಂದ ಎದ್ದು ಕುಣೀತಿದಾರೆ, ಟೀಚರ್ ಕೂರಿಸ್ತಿಲ್ಲ. ನನ್ನ ತಂಗಿ ಮಗ ಬೆಂಗಳೂರಲ್ಲಿ ಯಕ್ಷಗಾನ ಕಲೀತಿದಾನೆ. ಅವನು ನೋಡಿರೋದೆಲ್ಲ ಕಾಲಮಿತಿಯೇ. ಅಜ್ಜ ಇದ್ದಿದ್ರೆ ಇವತ್ತು ಅವರ ಹತ್ರ ಜಗಳ ಆಡ್ತಿದ್ದೆ. ಕಟ್ಟಡದ ವಿಷಯ ಮಾತ್ರ ಈಗಲೂ ಒಪ್ಪಲ್ಲ, ಅಂಗಳ ಅಂಗಳವೇ.

ಬ್ಯಾಟರಿ ಕೆಂಪು ತೋರಿಸ್ತಿದೆ, ಹೊರಗೆ ಓಡಿಬಂದೆ. ಆ ಅಮ್ಮ ಇನ್ನೂ ಇದಾರೆ, ಕೆಂಡಕ್ಕೆ ನೀರು ಚಿಮುಕಿಸ್ತಿದಾರೆ. ಕೈ ಬೀಸ್ತಿದೀನಿ ನೋಡಿ, ಬಲಗೈ. ಕ್ಯಾಮೆರಾ ಎಡಗೈಯಲ್ಲಿದೆ, ಅದಕ್ಕೇ ಇಷ್ಟು ಅಲ್ಲಾಡ್ತಿರೋದು. ಅವರೂ ಬೀಸಿದ್ರು, ಕಂಡ್ತಾ? ಟ್ಯಾಕ್ಸಿ ಬಂತು, ಬರ್ತೀನಿ.