ಮಂಕಾದ ಬಲ್ಬಿನಿಂದ ಮೊದಲಾಗಿ: ವಿದ್ಯುತ್ ಮಂಡಲಗಳ ವಿಶ್ಲೇಷಣೆ ಮತ್ತು ವಿನ್ಯಾಸ

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಹಳ್ಳಿಯಲ್ಲಿ ಬೆಳೆದವರೆಲ್ಲರೂ ಒಂದಲ್ಲ ಒಂದು ಸಂಜೆ ಕಂಡಿರುವ ಸಂಗತಿಯಿಂದಲೇ ಈ ಉಪನ್ಯಾಸವನ್ನು ಆರಂಭಿಸುತ್ತೇನೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ತೋಟಗಳಲ್ಲಿನ ಪಂಪ್‌ಸೆಟ್‌ಗಳು ಒಂದರ ಹಿಂದೊಂದು ಚಾಲೂ ಆಗುತ್ತವೆ; ಪ್ರತಿಯೊಂದು ಚಾಲೂ ಆದಾಗಲೂ ಮನೆಯ ಬಲ್ಬು ಒಮ್ಮೆ ಮಂಕಾಗಿ, ಬಳಿಕ ತುಸು ಚೇತರಿಸಿಕೊಳ್ಳುತ್ತದೆ. ಟೀಸಿಯ, ಎಂದರೆ ಟ್ರಾನ್ಸ್‌ಫಾರ್ಮರಿನ, ಪಕ್ಕದ ಮನೆಯವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ, ಲೈನಿನ ಕೊನೆಯ ಮನೆಯವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ‘ಲೋ ವೋಲ್ಟೇಜ್’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಓಮನ ನಿಯಮದ (ವೋಲ್ಟೇಜು ಎಂದರೆ ಪ್ರವಾಹ ಗುಣಿಸು ರೋಧ) ಪ್ರಶ್ನೆಗೆ ಪೂರ್ತಿ ಅಂಕ ಪಡೆದ ಹತ್ತನೆಯ ತರಗತಿಯ ಹುಡುಗನನ್ನು ಕಾರಣ ಕೇಳಿದರೆ ಅವನೂ ಸುಮ್ಮನಾಗುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅವನು ಬಿಡಿಸಿದ ಲೆಕ್ಕಗಳಲ್ಲಿ 6 ವೋಲ್ಟಿನ ಬ್ಯಾಟರಿಗೆ ಏನನ್ನು ಜೋಡಿಸಿದರೂ, ಎಷ್ಟನ್ನು ಜೋಡಿಸಿದರೂ ಅದು 6 ವೋಲ್ಟನ್ನೇ ಕೊಡುತ್ತಿತ್ತು, ತಂತಿಗಳಿಗೆ ರೋಧವೇ, ಎಂದರೆ ಪ್ರವಾಹಕ್ಕೆ ಒಡ್ಡುವ ತಡೆಯೇ, ಇರಲಿಲ್ಲ. ಅಂಥ ಲೋಕದಲ್ಲಿ ಪಕ್ಕದವರ ಮೋಟರಿಗೂ ನಮ್ಮ ಬಲ್ಬಿಗೂ ಯಾವ ಸಂಬಂಧವೂ ಇರಲು ಸಾಧ್ಯವಿಲ್ಲ.

ಸೋಜಿಗವೆಂದರೆ, ಓಮ್ ಸ್ವತಃ ಈ ತಪ್ಪನ್ನು ಮಾಡಿರಲಿಲ್ಲ. ಜಾರ್ಜ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದ ಅಧ್ಯಾಪಕ. ಅವನ ಕಾಲದ ಬ್ಯಾಟರಿಗಳಾದ ವೋಲ್ಟಾ ಕೋಶಗಳು ಪ್ರವಾಹ ಹರಿಯುತ್ತಿದ್ದಂತೆಯೇ ಸೊರಗುತ್ತಿದ್ದುದರಿಂದ ಅಳತೆಗಳು ಒಂದೇ ಸಮನೆ ನಿಲ್ಲುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಅವನು ಕೋಶವನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರಗಳನ್ನು ಬೆಸೆದ, ಎರಡು ಬೆಸುಗೆಗಳ ಬಿಸಿಯ ಅಂತರದಿಂದಲೇ ವೋಲ್ಟೇಜು ಕೊಡುವ ಉಷ್ಣಯುಗ್ಮವನ್ನು ಹಿಡಿದ: ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜು ತೀರಾ ಚಿಕ್ಕದು, ಆದರೆ ಅಲುಗಾಡದಂಥದು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ಮೇಲಿನ ಪರಿಣಾಮದಿಂದ ಪ್ರವಾಹವನ್ನು ಅಳೆದು, 1826ರಲ್ಲಿ ಅವನು ಕಂಡುಕೊಂಡ ಸೂತ್ರದಲ್ಲಿ ಪ್ರವಾಹವು a ಭಾಗಿಸು (b ಕೂಡಿಸು x) ಎಂಬ ರೂಪದಲ್ಲಿತ್ತು. ಇಲ್ಲಿ x ಎಂದರೆ ಪರೀಕ್ಷೆಗಿಟ್ಟ ತಂತಿ, a ಎಂದರೆ ಆಕರದ ಬಲ. b ಎಂದರೆ ಆ ತಂತಿಯನ್ನು ಬಿಟ್ಟು ಮಂಡಲದಲ್ಲಿ ಉಳಿದೆಲ್ಲದರ ರೋಧ, ಆಕರದ ಒಡಲೊಳಗಿನದೂ ಸೇರಿದಂತೆ. ಮರುವರ್ಷ, 1827ರಲ್ಲಿ, ಇದನ್ನು ಗಣಿತದ ಚೌಕಟ್ಟಿನಲ್ಲಿ ವಿವರಿಸಿದ ಅವನ ಗ್ರಂಥ ಬಂದಾಗ ಸ್ವದೇಶದಲ್ಲಿ ಅದಕ್ಕೆ ಸಿಕ್ಕಿದ್ದು ಹೆಚ್ಚಾಗಿ ಅನಾದರವೇ; ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನು ಕೊಟ್ಟಿದ್ದು 1841ರಲ್ಲಿ. ನಾವು ಪಾಠ ಮಾಡುವವರು ಕಾಲಕ್ರಮದಲ್ಲಿ ಆ b ಅಕ್ಷರವನ್ನು ಕೈಬಿಟ್ಟೆವು. ಈ ಹೊತ್ತು ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಆ ಒಂದು ಅಕ್ಷರದ ವಿಚಾರವನ್ನೇ.

ವಿಶ್ಲೇಷಣೆಗೆ ಬೇಕಾದ ಇನ್ನೆರಡು ನಿಯಮಗಳನ್ನು 1845ರಲ್ಲಿ ರೂಪಿಸಿದ ಗುಸ್ತಾವ್ ಕಿರ್ಕಾಫ್‌ಗೆ ಆಗ 21 ವರ್ಷ. ಇನ್ನೂ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಮೊದಲನೆಯ ನಿಯಮ ಅಂಗಡಿಯ ಜಮಾ-ಖರ್ಚಿನಂಥದು: ತಂತಿಗಳು ಕೂಡುವ ಯಾವ ಬಿಂದುವಿಗೂ ಒಳಬಂದ ಪ್ರವಾಹವಷ್ಟೂ ಹೊರಹೋಗಲೇಬೇಕು. ಎರಡನೆಯದಕ್ಕೆ ಮೈಸೂರಿನ ಚಾಮುಂಡಿ ಬೆಟ್ಟವನ್ನು ನೆನೆಯಬಹುದು. ಮೆಟ್ಟಿಲು ಹತ್ತಿ ಮೇಲೆ ಹೋಗಿ, ವಾಹನದ ರಸ್ತೆಯಲ್ಲಿ ಇಳಿದು, ಹೊರಟ ಜಾಗಕ್ಕೇ ಮರಳಿದರೆ ಹತ್ತಿದ ಎತ್ತರವೂ ಇಳಿದ ಎತ್ತರವೂ ಸಮವಾಗಿರುತ್ತವೆ. ಮಂಡಲದ ಯಾವುದೇ ಸುತ್ತಿನಲ್ಲಿ ಏರಿದ ವೋಲ್ಟೇಜಿಗೂ ಇಳಿದ ವೋಲ್ಟೇಜಿಗೂ ಇದೇ ಲೆಕ್ಕ. ಓಮನ ನಿಯಮದೊಂದಿಗೆ ಇವೆರಡು ಸೇರಿದರೆ ಬ್ಯಾಟರಿ ಮತ್ತು ರೋಧಕಗಳಿಂದಾದ ಮಂಡಲ ಎಷ್ಟೇ ದೊಡ್ಡದಿದ್ದರೂ ಸಮೀಕರಣಗಳನ್ನು ಬರೆದು ಬಿಡಿಸಿಬಿಡಬಹುದು. ಬಿಡಿಸುವ ಕೆಲಸವನ್ನು ಇಂದು ಕಂಪ್ಯೂಟರ್ ನಮಗಿಂತ ಚೆನ್ನಾಗಿಯೇ ಮಾಡುವುದರಿಂದ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ವೋಲ್ಟೇಜ್ ವಿಭಾಜಕದ ಬಳಿ. ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ನಡುವಿನ ಬಿಂದುವಿನಿಂದ ವೋಲ್ಟೇಜನ್ನು ತೆಗೆದುಕೊಳ್ಳುವ ಈ ಪುಟ್ಟ ಮಂಡಲ ಪಾಲಿಟೆಕ್ನಿಕ್ಕಿನ ಮೊದಲ ಪ್ರಯೋಗಗಳಲ್ಲಿ ಒಂದು. 12 ವೋಲ್ಟಿಗೆ 100 ಕಿಲೋ ಓಮಿನ ಎರಡು ರೋಧಕಗಳನ್ನು ಜೋಡಿಸಿದರೆ ನಡುವೆ 6 ವೋಲ್ಟ್ ಸಿಗಬೇಕು. ನಾನು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಕೈಯಲ್ಲಿದ್ದುದು ಮುಳ್ಳಿನ ಮೀಟರು, ಪ್ರತಿ ವೋಲ್ಟಿಗೆ 20 ಕಿಲೋ ಓಮಿನದು. 10 ವೋಲ್ಟಿನ ಶ್ರೇಣಿಯಲ್ಲಿಟ್ಟು ಅಳೆದರೆ ಅದು ತೋರಿಸಿದ್ದು 4.8. ರೋಧಕ ಸರಿಯಿಲ್ಲ ಎಂದುಕೊಂಡು ಬದಲಿಸಿದೆವು, ಬ್ಯಾಟರಿಯನ್ನೂ ಬದಲಿಸಿದೆವು. ಮುಳ್ಳು ಮಾತ್ರ 4.8ರಲ್ಲೇ ನಿಂತಿತು. ಕೊನೆಗೆ ದಾಖಲೆ ಪುಸ್ತಕದಲ್ಲಿ ‘6.0’ ಎಂದು ಬರೆದು ಸಹಿ ಹಾಕಿಸಿಕೊಂಡೆವು ಎಂಬುದನ್ನು ಇಷ್ಟು ವರ್ಷಗಳ ನಂತರ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಈ ಒಗಟನ್ನು ಬಿಡಿಸುವ ಕೀಲಿಯನ್ನು ಫ್ರಾನ್ಸಿನ ಟೆಲಿಗ್ರಾಫ್ ಇಂಜಿನಿಯರ್ ಲಿಯೋನ್ ತೆವೆನಿನ್ 1883ರಲ್ಲಿ ಪ್ರಕಟಿಸಿದ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದೇ ಮಾತನ್ನು 1853ರಷ್ಟು ಹಿಂದೆಯೇ ಹೇಳಿದ್ದ. ಬ್ಯಾಟರಿ ಮತ್ತು ರೋಧಕಗಳ ಯಾವುದೇ ಗೋಜಲನ್ನು ಎರಡು ತುದಿಗಳಿಂದ ನೋಡಿದಾಗ, ಅದು ಒಂದೇ ಒಂದು ಬ್ಯಾಟರಿ ಮತ್ತು ಅದರ ಸರಣಿಯಲ್ಲಿರುವ ಒಂದೇ ಒಂದು ರೋಧದಂತೆ ವರ್ತಿಸುತ್ತದೆ. ಓಮನ a ಮತ್ತು b ಇಲ್ಲಿ ಮರಳಿ ಬಂದವು ಎನ್ನಿ. ನಮ್ಮ ವಿಭಾಜಕವನ್ನು ಹೀಗೆ ನೋಡಿದರೆ ಅದು 6 ವೋಲ್ಟಿನ ಬ್ಯಾಟರಿ ಮತ್ತು 50 ಕಿಲೋ ಓಮಿನ ಒಳರೋಧ. ಮುಳ್ಳಿನ ಮೀಟರು ಆ ಶ್ರೇಣಿಯಲ್ಲಿ ತಾನೇ 200 ಕಿಲೋ ಓಮಿನ ಹೊರೆ. ಆರನ್ನು 50ಕ್ಕೂ 200ಕ್ಕೂ ಹಂಚಿದರೆ ಮೀಟರಿನ ಪಾಲಿಗೆ ಬರುವುದು ಕರಾರುವಾಕ್ಕಾಗಿ 4.8. ಮೀಟರು ಸುಳ್ಳು ಹೇಳಿರಲಿಲ್ಲ, ರೋಧಕಗಳೂ ಕೆಟ್ಟಿರಲಿಲ್ಲ. ಅಳೆಯುವ ಕ್ರಿಯೆಯೇ ಮಂಡಲವನ್ನು ಬದಲಿಸಿತ್ತು. ಇಂದಿನ ಡಿಜಿಟಲ್ ಮೀಟರುಗಳ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ ಅವು ಇಲ್ಲಿ 5.97 ತೋರಿಸುತ್ತವೆ, ವಿದ್ಯಾರ್ಥಿಗೆ ಸಂಶಯವೇ ಬರುವುದಿಲ್ಲ. ಅದು ಅನುಕೂಲವೂ ಹೌದು, ನಷ್ಟವೂ ಹೌದು. ಅದೇ ವಿಭಾಜಕಕ್ಕೆ 10 ಕಿಲೋ ಓಮಿನ ಹೊರೆಯನ್ನು ಜೋಡಿಸಿ ನೋಡಿ: ಆರು ವೋಲ್ಟಿಗೆ ಕಾದಿರುವ ಆ ಬಡ ಹೊರೆಗೆ ಸಿಗುವುದು ಒಂದೇ ವೋಲ್ಟ್. ಊರಿನ ಬಲ್ಬಿಗೆ ಆದದ್ದೂ ಇದೇ. ಟೀಸಿಯಿಂದ ಮನೆಯವರೆಗಿನ ಲೈನಿನ ರೋಧವೇ ಅಲ್ಲಿನ b. ಮೋಟರಿನ ಪ್ರವಾಹ ಹರಿಯುವುದೂ ಅದೇ ತಂತಿಯಲ್ಲಿ, ಮತ್ತು ಲೈನು ಉದ್ದವಾದಷ್ಟೂ b ದೊಡ್ಡದು.

ಇನ್ನು ವಿನ್ಯಾಸ. ವಿಶ್ಲೇಷಣೆಯಲ್ಲಿ ಮಂಡಲವನ್ನು ಯಾರೋ ಕೊಟ್ಟಿರುತ್ತಾರೆ, ಉತ್ತರ ಒಂದೇ ಇರುತ್ತದೆ, ಪುಸ್ತಕದ ಹಿಂದೆ ನೋಡಿಕೊಳ್ಳಬಹುದು. ವಿನ್ಯಾಸದಲ್ಲಿ ಬೇಕಾದ ಫಲವನ್ನಷ್ಟೇ ಕೊಟ್ಟಿರುತ್ತಾರೆ, ಅದನ್ನು ತಲುಪಿಸುವ ಮಂಡಲಗಳು ಅನೇಕ. ಕಾರಿನ 12 ವೋಲ್ಟಿನ ಬ್ಯಾಟರಿಯಿಂದ ಕೆಂಪು ಎಲ್‌ಇಡಿಗಳನ್ನು 10 ಮಿಲಿ ಆಂಪಿಯರಿನಷ್ಟು ಪ್ರವಾಹದಲ್ಲಿ ಬೆಳಗಿಸಬೇಕಾಗಿದೆ ಎಂದುಕೊಳ್ಳೋಣ. ಬೆಳಗುವಾಗ ಪ್ರತಿ ಎಲ್‌ಇಡಿಯೂ ಸುಮಾರು 2 ವೋಲ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಸದ್ಯಕ್ಕೆ ಅಂಗೀಕರಿಸೋಣ. ಒಂದೇ ಎಲ್‌ಇಡಿಯಾದರೆ ಉಳಿದ 10 ವೋಲ್ಟ್ ರೋಧಕದ ಪಾಲು. 1000 ಓಮ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲೂ ಅದು ಸಿಗುತ್ತದೆ. ಆದರೆ ಬ್ಯಾಟರಿ ಕೊಡುವ ಶಕ್ತಿಯಲ್ಲಿ ಆರನೆಯ ಒಂದು ಪಾಲು ಮಾತ್ರ ಎಲ್‌ಇಡಿಗೆ ಹೋಗಿ, ಮಿಕ್ಕಿದ್ದು ರೋಧಕವನ್ನು ಬಿಸಿಮಾಡುತ್ತದೆ. ಜುಗ್ಗನಾದ ವಿನ್ಯಾಸಕಾರ ಐದು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸುತ್ತಾನೆ. ಆಗ ಹತ್ತು ವೋಲ್ಟ್ ಅವುಗಳ ಪಾಲು, ಎರಡು ವೋಲ್ಟ್ ರೋಧಕದ ಪಾಲು. ಲೆಕ್ಕಕ್ಕೆ ಬರುವುದು 200 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಶೇ. 10ರಷ್ಟು ಹೆಚ್ಚುಕಡಿಮೆ ಇರಬಹುದಾದ ರೋಧಕಗಳ ಶ್ರೇಣಿಯಲ್ಲಿ 180 ಆದ ಮೇಲೆ 220 ಬರುವುದರಿಂದ 220ನ್ನು ಆರಿಸಿದರೆ ಪ್ರವಾಹ 9.1 ಮಿಲಿ ಆಂಪಿಯರ್. ಹೆಚ್ಚುಕಡಿಮೆ ಅದೇ ಪ್ರವಾಹದಲ್ಲಿ ಸುಮಾರು ಐದು ಪಟ್ಟು ಬೆಳಕು.

ಇಲ್ಲಿಗೆ ನಿಲ್ಲಿಸಿದವನು ಲೆಕ್ಕವನ್ನು ಬಲ್ಲ, ವಿನ್ಯಾಸವನ್ನು ಅರಿಯ. ಕಾರಿನ ಬ್ಯಾಟರಿಯ ಮೇಲೆ 12 ಎಂದು ಬರೆದಿದ್ದರೂ ಅದು ಸೊರಗಿದಾಗ 11ರ ಆಸುಪಾಸಿಗೆ ಇಳಿಯುತ್ತದೆ, ಇಂಜಿನ್ ಓಡುತ್ತಾ ಚಾರ್ಜ್ ಆಗುವಾಗ 14.4ರವರೆಗೆ ಏರುತ್ತದೆ. ಒಂಟಿ ಎಲ್‌ಇಡಿಯ ಮಂಡಲದಲ್ಲಿ ಈ ಏರಿಳಿತದಿಂದ ಪ್ರವಾಹ 9ರಿಂದ 12.4 ಮಿಲಿ ಆಂಪಿಯರಿನವರೆಗೆ ಮಾತ್ರ ಬದಲಾಗುತ್ತದೆ, ಕಣ್ಣಿಗೆ ಭೇದವೇ ಕಾಣದು. ಐದರ ಸರಣಿಯಲ್ಲಿ ಅದು 4.5ರಿಂದ 20ರವರೆಗೆ ಹೊಯ್ದಾಡುತ್ತದೆ. ರೋಧಕದಲ್ಲಿ ನಾವು ದಂಡವೆಂದುಕೊಂಡ ವೋಲ್ಟೇಜು ಮಂಡಲಕ್ಕೆ ಸ್ಥಿರತೆಯನ್ನು ಕೊಡುತ್ತಿತ್ತು. ಅದನ್ನು ಉಳಿಸಲು ಹೋಗಿ ಸ್ಥಿರತೆಯನ್ನು ಮಾರಿಕೊಂಡೆವು. ಮೂರು ಎಲ್‌ಇಡಿ ಮತ್ತು 680 ಓಮಿನ ನಡುದಾರಿ 7.4ರಿಂದ 12.4ರವರೆಗೆ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಕಾರಿಗೆ ಇದನ್ನೇ ಆರಿಸುತ್ತೇನೆ, ಆದರೆ ಬಿಗಿಯಾದ 12 ವೋಲ್ಟ್ ಕೊಡುವ ಅಡಾಪ್ಟರು ಇದ್ದಲ್ಲಿ ಐದರ ಸರಣಿಗೂ ನನ್ನ ತಕರಾರಿಲ್ಲ.

ಇದೇ ಬಗೆಯ ಚೌಕಾಸಿಯನ್ನು ಹೊಲದ ಮಟ್ಟದಲ್ಲೂ ಕಾಣಬಹುದು. ಮನೆಯಿಂದ ನೂರು ಮೀಟರ್ ದೂರದ ಬಾವಿಗೆ 230 ವೋಲ್ಟಿನ, ಓಡುವಾಗ 10 ಆಂಪಿಯರ್ ಎಳೆಯುವ ಮೋಟರನ್ನು ಕೂರಿಸಬೇಕು. ತಂತಿ ಹೋಗಿ ಬರಬೇಕಾದ್ದರಿಂದ ಲೆಕ್ಕಕ್ಕೆ ಇನ್ನೂರು ಮೀಟರ್. ಇದನ್ನು ಮರೆಯುವವರೇ ಹೆಚ್ಚು. 1.5 ಚದರ ಮಿ.ಮೀ.ನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12.1 ಓಮ್ ರೋಧವಿರುವುದರಿಂದ ಇಲ್ಲಿ 2.4 ಓಮ್, ಎಂದರೆ 24 ವೋಲ್ಟ್ ತಂತಿಯಲ್ಲೇ ಕರಗುತ್ತದೆ. ಓಡುವ ಮೋಟರು ಅದನ್ನು ಹೇಗೋ ಸಹಿಸಿಕೊಂಡೀತು. ಆದರೆ ಚಾಲೂ ಆಗುವ ಗಳಿಗೆಯಲ್ಲಿ ಮೋಟರು ಬಯಸುವ ಪ್ರವಾಹ ಐದರಿಂದ ಏಳು ಪಟ್ಟು. ಆರು ಪಟ್ಟೆಂದು ಹಿಡಿದು, ಎ.ಸಿ.ಯ ಹಂತಕೋನಗಳನ್ನು ಬದಿಗಿಟ್ಟು, 230 ವೋಲ್ಟನ್ನು ತಂತಿಗೂ ಮೋಟರಿಗೂ ವಿಭಾಜಕದ ಲೆಕ್ಕದಂತೆ ಸ್ಥೂಲವಾಗಿ ಹಂಚಿದರೆ ಆ ಹೊತ್ತಿಗೆ ಮೋಟರಿಗೆ ತಲುಪುವುದು ಸುಮಾರು 140 ವೋಲ್ಟ್. ಇಂಡಕ್ಷನ್ ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದರ ಬಲ ಶೇ. 40ಕ್ಕೂ ಕೆಳಗಿಳಿಯುತ್ತದೆ. ಅದು ತಿರುಗದೆ ಗುಂಯ್‌ಗುಡುತ್ತಾ ನಿಲ್ಲುತ್ತದೆ, ಚಾಲೂ ಆಗುವ ದೊಡ್ಡ ಪ್ರವಾಹ ಇಳಿಯದೆ ಹಾಗೆಯೇ ಹರಿಯುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ರೈತ ಮೋಟರನ್ನು ಬೈಯುತ್ತಾನೆ. 4 ಚದರ ಮಿ.ಮೀ.ನ ತಂತಿ ಹಾಕಿದ್ದರೆ ಅದೇ ಗಳಿಗೆಯಲ್ಲಿ 185 ವೋಲ್ಟ್, ಸುಮಾರು ಶೇ. 65ರಷ್ಟು ಬಲ ಸಿಗುತ್ತಿತ್ತು. ತಂತಿಯ ಬೆಲೆ ಹೆಚ್ಚು ಎಂಬುದು ನಿಜ, ಹೊಸದಾಗಿ ಕಾಯಿಲ್ ಕಟ್ಟಿಸುವುದೂ ಪುಕ್ಕಟೆಯೇನಲ್ಲ.

ತಂತಿಯನ್ನು ದಪ್ಪ ಮಾಡದೆಯೂ ಈ ನಷ್ಟವನ್ನು ತಗ್ಗಿಸುವ ದಾರಿಯಿದೆ, ಮತ್ತು ಅದನ್ನು ಕನ್ನಡನಾಡು ಬಹಳ ಹಿಂದೆಯೇ ಕಂಡಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ದೂರ ಸುಮಾರು 147 ಕಿಲೋಮೀಟರ್; ಅಂದಿನ ಕಾಲಕ್ಕೆ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಅಷ್ಟು ದೂರದ b ಸಣ್ಣದಾಗಿರಲು ಸಾಧ್ಯವೇ ಇಲ್ಲವಾದ್ದರಿಂದ ಅದನ್ನು ರೂಪಿಸಿದವರು ಪ್ರವಾಹವನ್ನೇ ಸಣ್ಣದು ಮಾಡಿದರು: ವೋಲ್ಟೇಜನ್ನು 30 ಸಾವಿರದಷ್ಟಕ್ಕೆ ಏರಿಸಿದರು. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೆಯ ಒಂದು ಪಾಲಾಗುತ್ತದೆ, ತಂತಿಯಲ್ಲಿ ಬಿಸಿಯಾಗಿ ಹೋಗುವ ಶಕ್ತಿ ನೂರನೆಯ ಒಂದು ಪಾಲಾಗುತ್ತದೆ.

ಕಲಿಯುವವರಿಗೆ ನನ್ನ ಬೇಡಿಕೆ ಒಂದೇ. ಮೀಟರನ್ನು ಮುಟ್ಟುವ ಮೊದಲು ಅದು ಏನು ತೋರಿಸಬೇಕೆಂಬುದನ್ನು ಲೆಕ್ಕ ಹಾಕಿ ಕಾಗದದ ಮೇಲೆ ಬರೆಯಿರಿ, ಅಳೆದ ಮೇಲೆ ಆ ಅಂಕಿಯನ್ನು ಅಳಿಸಬೇಡಿ. 12 ವೋಲ್ಟಿನೊಳಗೆ ಎಷ್ಟು ತಪ್ಪುಗಳನ್ನಾದರೂ ಮಾಡಿ. ಮನೆಯ 230 ವೋಲ್ಟಿನ ಗೋಡೆಯ ಸಾಕೆಟ್ಟಿನಿಂದ ಸದ್ಯಕ್ಕೆ ದೂರವಿರಿ. ಬ್ಯಾಟರಿಯಾದರೂ ಫ್ಯೂಸಿಲ್ಲದೆ ಜೋಡಿಸಬೇಡಿ, ಏಕೆಂದರೆ ಕಾರಿನ ಬ್ಯಾಟರಿಯ b ಅತ್ಯಲ್ಪವಾದ್ದರಿಂದ ಶಾರ್ಟ್ ಆದರೆ ಅದು ತಂತಿಯನ್ನೇ ಕೆಂಪಾಗಿಸಬಲ್ಲದು.

ಈ ಮೇಜಿನ ಮೇಲೆ ಆ ಮೂರೂ ಎಲ್‌ಇಡಿ ಮಂಡಲಗಳನ್ನು ಬ್ರೆಡ್‌ಬೋರ್ಡಿನಲ್ಲಿ, ಎಂದರೆ ಬೆಸುಗೆಯಿಲ್ಲದೆ ಜೋಡಿಸುವ ಹಲಗೆಯಲ್ಲಿ, ಕಟ್ಟಿಟ್ಟಿದ್ದೇನೆ. ಬೆಳಿಗ್ಗೆ ನಾನೇ ಅಳೆದಾಗ ಒಂಟಿ ಎಲ್‌ಇಡಿಯ ಮಂಡಲದಲ್ಲಿ 10ರ ಬದಲು 10.7, ಮೂರರದರಲ್ಲಿ 8.8ರ ಬದಲು 10.4, ಐದರದರಲ್ಲಿ 9.1ರ ಬದಲು 15ಕ್ಕೂ ಮೇಲೆ ಮಿಲಿ ಆಂಪಿಯರ್ ಬಂತು. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿದೆ. ಎಲ್‌ಇಡಿಗೆ 2 ವೋಲ್ಟ್ ಎಂದು ನಾವು ಅಂಗೀಕರಿಸಿದ್ದು ನಿಜಕ್ಕೂ ಎಷ್ಟಿರಬೇಕು, ಮತ್ತು ಅಷ್ಟು ಚಿಕ್ಕ ವ್ಯತ್ಯಾಸ ಐದರ ಸರಣಿಯನ್ನೇ ಏಕೆ ಇಷ್ಟು ಕಾಡಿತು ಎಂಬುದನ್ನು ಈಗ ಇಬ್ಬಿಬ್ಬರಾಗಿ ಬಂದು, ಮೊದಲು ಕಾಗದದಲ್ಲಿ, ಆಮೇಲೆ ಮೀಟರಿನಲ್ಲಿ ನೋಡಿ.