ಸಾಲ ತೀರುತ್ತೆ, ಋಣ?

ಎಲ್ಲರಿಗೂ ನಮಸ್ಕಾರ. ಇವತ್ತು ನಿಮ್ಮ ಮುಂದೆ ಒಂದೇ ಒಂದು ಚಿಕ್ಕ ಪದ ಇಡುತ್ತೇನೆ. ಋಣ.

ದಿನಾ ನಮ್ಮ ಬಾಯಲ್ಲಿ ಓಡಾಡುವ ಪದ ಇದು. ಬಾಡಿಗೆ ಮನೆ ಖಾಲಿ ಮಾಡುವಾಗ 'ಈ ಮನೆ ಋಣ ಇಷ್ಟೇ ಇತ್ತು' ಅನ್ನುತ್ತೇವೆ. ಊಟ ಹಾಕಿದವರನ್ನೇ ಬೈಯಲು ಹೊರಟರೆ ಹಿರಿಯರು 'ಅನ್ನದ ಋಣ ಮರೀಬೇಡ' ಅಂತ ತಡೆಯುತ್ತಾರೆ. ಬ್ಯಾಂಕಿನಿಂದ ತಂದ ದುಡ್ಡನ್ನು ಮಾತ್ರ ಸಾಲ ಅನ್ನುತ್ತೇವೆ. ಸಾಲಕ್ಕೆ ಬಡ್ಡಿ ಇದೆ, ಕಂತು ಇದೆ, ಒಂದು ದಿನ ತೀರುತ್ತದೆ. ತಾಯಿ ಋಣಕ್ಕೆ ಕಂತು ಕಟ್ಟಿದವರು ಯಾರಾದರೂ ಇದ್ದಾರಾ?

ಈ ಮಾತಿನ ಬೇರು ತುಂಬಾ ಹಳೆಯದು. ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆ, ಬ್ರಾಹ್ಮಣ ಹುಟ್ಟುವಾಗಲೇ 3 ಋಣ ಹೊತ್ತುಕೊಂಡು ಬರುತ್ತಾನೆ ಅನ್ನುತ್ತದೆ. ಋಷಿಗಳದ್ದು, ದೇವತೆಗಳದ್ದು, ಪಿತೃಗಳದ್ದು. ಬ್ರಹ್ಮಚರ್ಯ, ಯಜ್ಞ, ಸಂತಾನ ಇವುಗಳಿಂದ ಅದು ತೀರಬೇಕು. ನನಗೆ ಜಾಸ್ತಿ ಹತ್ತಿರವಾಗುವುದು ಶತಪಥ ಬ್ರಾಹ್ಮಣ ಅನ್ನುವ ವೈದಿಕ ಗ್ರಂಥದ ಮಾತು: 'ಋಣಂ ಹ ವೈ ಜಾಯತೇ ಯೋಽಸ್ತಿ.' ಯಾರು ಇದ್ದಾನೋ ಅವನು ಋಣವಾಗಿಯೇ ಹುಟ್ಟುತ್ತಾನೆ. ಈ ವಾಕ್ಯದಲ್ಲಿ ವರ್ಣದ ಹೆಸರಿಲ್ಲ ನೋಡಿ. ಜೊತೆಗೆ 4ನೆಯ ಋಣವೊಂದು ಸೇರಿತು, ಮನುಷ್ಯರದ್ದು. ಬಂದವರಿಗೆ ಇರಲು ಜಾಗ, ತಿನ್ನಲು ಅನ್ನ ಕೊಟ್ಟರೆ ಅದು ಸಲ್ಲುತ್ತದೆ.

ಬಡವ ಏನು ಮಾಡಬೇಕು? ಅದೇ ಗ್ರಂಥ ದಿನಾ ಮಾಡಬೇಕಾದ 5 ಮಹಾಯಜ್ಞಗಳನ್ನು ಹೇಳುವಾಗ ಇದಕ್ಕೂ ದಾರಿ ತೋರಿಸಿದೆ. ದೇವರಿಗೆ ಒಂದು ಕಟ್ಟಿಗೆ ತುಂಡು ಸಾಕು. ಮನುಷ್ಯರಿಗೆ ಒಂದು ಪಾತ್ರೆ ನೀರು ಸಾಕು. ಬಿಸಿಲಲ್ಲಿ ಬಂದವರಿಗೆ ನಮ್ಮಜ್ಜಿಯರು ಮೊದಲು ನೀರು ಬೆಲ್ಲ ಕೊಡುತ್ತಿದ್ದರಲ್ಲ, ಅದೂ ಯಜ್ಞವೇ.

ತರ್ಪಣ ಬಿಡುವುದನ್ನು ಹತ್ತಿರದಿಂದ ನೋಡಿದ್ದೀರಾ? ದೇವತೆಗಳಿಗೆ ನೀರು ಬೆರಳ ತುದಿಯಿಂದ ಬೀಳುತ್ತದೆ. ಪಿತೃಗಳಿಗೆ ಎಳ್ಳು ಬೆರೆತ ನೀರು ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಜಾರುತ್ತದೆ. ಒಂದೆರಡು ಎಳ್ಳು ಅಂಗೈಯಲ್ಲೇ ಅಂಟಿಕೊಂಡಿರುತ್ತವೆ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಹೆಸರು ಹೇಳುತ್ತಾ ಹೋಗಿ, ಹೆಸರು ಗೊತ್ತಿಲ್ಲದವರ ಕಡೆಗೂ ಮಂತ್ರ ತಿರುಗುತ್ತದೆ: 'ಆಬ್ರಹ್ಮಸ್ತಂಬಪರ್ಯಂತಂ.' ಬ್ರಹ್ಮನಿಂದ ಹಿಡಿದು ಹುಲ್ಲುಕಡ್ಡಿಯವರೆಗೆ. ಮಂತ್ರ ಬಾರದ ಮನೆಗಳಲ್ಲೂ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ, ಕಾಗೆ ಬರಲಿ ಅಂತ ಕಾಯುತ್ತಾರೆ. ಎರಡೂ ಒಂದೇ ನೆನಪು ಅಂತ ನಾನು ನಂಬಿದ್ದೇನೆ.

ಇಷ್ಟೆಲ್ಲ ಋಣ ಇದ್ದರೆ ಸನ್ಯಾಸ ಹೇಗೆ ಸಾಧ್ಯ ಅಂತ ಕೇಳಬಹುದು. ಹಿಂದಿನವರೂ ಕೇಳಿದ್ದಾರೆ. 3 ಋಣ ತೀರಿಸಿದ ಮೇಲೆಯೇ ಮೋಕ್ಷದ ಕಡೆ ಮನಸ್ಸಿಡು ಅನ್ನುತ್ತದೆ ಮನುಸ್ಮೃತಿ. ವೈರಾಗ್ಯ ಬಂದ ದಿನವೇ ಹೊರಡು ಅನ್ನುತ್ತದೆ ಜಾಬಾಲೋಪನಿಷತ್ತು. ಈ ಎಳೆದಾಟವನ್ನು ಯಾರೂ ಮುಚ್ಚಿಡಲಿಲ್ಲ.

ಶೃಂಗೇರಿಯಲ್ಲಿ ಮಠ ಸ್ಥಾಪಿಸಿದರೆಂದು ನಾವು ನೆನೆಯುವ ಶಂಕರಾಚಾರ್ಯರು ಮದುವೆಯಾಗದೆ ಹೊರಟವರು. ಸನ್ಯಾಸಿ ಅಂತ್ಯಕ್ರಿಯೆ ಮಾಡುವಂತಿಲ್ಲ. ಆದರೂ ತಾಯಿಗೆ ಕೊಟ್ಟ ಮಾತಿಗಾಗಿ ಅವರು ಹುಟ್ಟೂರು ಕಾಲಡಿಗೆ ಮರಳಿದರು ಅನ್ನುತ್ತದೆ ಸಂಪ್ರದಾಯದ ಕತೆ. ನೆಂಟರು ಯಾರೂ ಹೆಗಲು ಕೊಡಲಿಲ್ಲ. ಎಲ್ಲ ಬಿಟ್ಟುಹೋಗಿದ್ದ ಮಗ, ಮನೆಯ ಹಿತ್ತಲಲ್ಲೇ ಕಟ್ಟಿಗೆ ಜೋಡಿಸಿ, ತಾನೊಬ್ಬನೇ ಅಮ್ಮನ ಚಿತೆಗೆ ಬೆಂಕಿ ಇಟ್ಟ.